ಮುಂಡರಗಿಯ ಲಕೋಟೆ ಒಲ್ಲೆನೆಂದವರು ಯಾರು?

ಯಾವ ತಪ್ಪೂ ತಾನಾಗಿ ಆಗುವುದಿಲ್ಲ. ಪ್ರತಿಯೊಂದರ ಹಿಂದೆಯೂ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಅವನನ್ನು ಹುಡುಕಿ ತೆಗೆದು, ಎದುರಿಗೆ ನಿಲ್ಲಿಸಿ, 'ಯಾಕಪ್ಪಾ ಹೀಗೆ ಮಾಡಿದೆ?' ಎಂದು ಕೇಳುವವರೆಗೆ ಸಮಾಜ ಉದ್ಧಾರವಾಗುವುದಿಲ್ಲ. ಇದು ನನ್ನ ಬಹುದಿನದ ನಂಬಿಕೆ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಸಾರು ತೆಳ್ಳಗಾದದ್ದಕ್ಕೆ ಹೊಣೆ ಯಾರೆಂದು ಪ್ರಶ್ನಿಸಿ ಮೂರು ಪುಟದ ಮನವಿಯೊಂದನ್ನು ಬರೆದಿದ್ದೆ. ಸಾರು ಗಟ್ಟಿಯಾಗಲಿಲ್ಲ, ಆದರೆ ಅಡಿಗೆಯವನು ಅಂದಿನಿಂದ ನನ್ನ ಸರದಿ ಬಂದಾಗ ಮಾತ್ರ ಸೌಟನ್ನು ತಳಕ್ಕೆ ಇಳಿಸುವುದನ್ನು ಬಿಟ್ಟ. ಹೊಣೆ ಕೇಳುವವನ ತಟ್ಟೆಗೆ ಬೀಳುವುದು ತಿಳಿ ಮಾತ್ರ ಎಂಬ ಪಾಠವನ್ನು ಅಲ್ಲಿಯೇ ಕಲಿತುಕೊಳ್ಳಬಹುದಿತ್ತು. ಆದರೆ ನಾನು ಆಗ ಪರೀಕ್ಷೆಗೆ ಗೊತ್ತುಪಡಿಸಿದ ಪಾಠಗಳನ್ನು ಮಾತ್ರ ಕಲಿಯುತ್ತಿದ್ದೆ.

ಪದವಿಯ ಸುರುಳಿ ಕೈಗೆ ಬಂದ ಮೇಲೆ, ನಾಡಿನ ಅಂತಃಸಾಕ್ಷಿಯನ್ನು ಬಡಿದೆಬ್ಬಿಸುವ ಹುದ್ದೆ ಎಲ್ಲಿಯೂ ಖಾಲಿ ಇರಲಿಲ್ಲವಾದ್ದರಿಂದ, ಬೆಟಗೇರಿಯಲ್ಲಿ ಖಾದರಸಾಬರ ಕೂರಿಗೆ ಕಾರ್ಖಾನೆಗೆ ಪತ್ರವ್ಯವಹಾರದ ಗುಮಾಸ್ತನಾಗಿ ಸೇರಿದೆ. ಖಾದರಸಾಬರದು ಲಕ್ಷ್ಮೇಶ್ವರದ ಕಮ್ಮಾರ ಮನೆತನ. ತಂದೆಯ ಕುಲುಮೆಯನ್ನು ಬೆಟಗೇರಿಗೆ ತಂದು ಕಾರ್ಖಾನೆಯಾಗಿ ಬೆಳೆಸಿದವರು ಅವರು. ಬೀಜ ಬಿತ್ತುವ ಕಬ್ಬಿಣದ ಕೂರಿಗೆ, ಕುಂಟೆಯ ತಾಳು, ಗಾಡಿಯ ಅಚ್ಚು ಇವು ನಮ್ಮ ಸರಕು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಬ್ಬೊಬ್ಬ ಏಜೆಂಟರು. ಅವರು ಪತ್ರ ಬರೆದರೆ ನಾವು ಮಾಲು ಕಳಿಸಬೇಕು. ನಾನು ಹೋಗುವ ಮುಂಚೆ ಬಂದ ಪತ್ರಗಳನ್ನೆಲ್ಲ ಒಂದು ತಂತಿಗೆ ಚುಚ್ಚಿಡುತ್ತಿದ್ದರು. ಉತ್ತರವನ್ನು ಬಸ್ಸಿನ ಕಂಡಕ್ಟರರ ಬಾಯಿಯಲ್ಲಿ ಹೇಳಿ ಕಳಿಸುತ್ತಿದ್ದರು. ಉತ್ತರ ತಪ್ಪದೆ ಮುಟ್ಟುತ್ತಿತ್ತು, ಮಾಲೂ ಮುಟ್ಟುತ್ತಿತ್ತು. ಆದರೆ ಇದರಲ್ಲಿ ಪದ್ಧತಿ ಎಲ್ಲಿ? ದಾಖಲೆ ಎಲ್ಲಿ? ನಾಳೆ ಏನಾದರೂ ತಪ್ಪಿದರೆ ಹೊಣೆ ಯಾರು? ಈ ಪ್ರಶ್ನೆಗಳನ್ನು ನಾನು ಸೇರಿದ ಮೊದಲನೆಯ ವಾರವೇ ಕೇಳಿದೆ. ಖಾದರಸಾಬರು ಗಡ್ಡ ನೀವಿಕೊಂಡು, "ಇಲ್ಲಿತನಕ ತಪ್ಪಿಲ್ಲಲ್ಲೋ ಸಾಹಿತಿ," ಎಂದರು. ನಾನು ಕಥೆ ಬರೆಯುತ್ತೇನೆಂದು ತಿಳಿದಾಗಿನಿಂದ ಅವರು ನನ್ನ ಹೆಸರನ್ನು ಮರೆತುಬಿಟ್ಟಿದ್ದರು.

ಒಂದು ತಿಂಗಳೊಳಗೆ ಒಳಬರುವ ಪತ್ರಗಳಿಗೊಂದು, ಹೊರಹೋಗುವ ಪತ್ರಗಳಿಗೊಂದು, ಇವೆರಡರಲ್ಲಿಯೂ ಸೇರದ ಪತ್ರಗಳಿಗೊಂದು ಹೀಗೆ ಮೂರು ರಜಿಸ್ಟರುಗಳನ್ನು ತೆರೆದೆ. ಆಮೇಲೆ ಏಜೆಂಟರಿಗೆಲ್ಲ ಹತ್ತು ಕಲಮುಗಳ ಒಂದು ಸುತ್ತೋಲೆಯನ್ನು ಕಳಿಸಿದೆ. ಅದರ ಭಾಷೆಯ ಬಗ್ಗೆ ನನಗೆ ಈಗಲೂ ಅಭಿಮಾನವಿದೆ. ಏಳನೆಯ ಕಲಮು ಹೀಗಿತ್ತು: 'ಹಂಗಾಮಿನ ತುರ್ತು ಬೇಡಿಕೆಯುಳ್ಳ ಪತ್ರಗಳು ದೃಷ್ಟಿಮಾತ್ರದಿಂದಲೇ ಗುರುತಾಗುವಂತೆ, ಲಕೋಟೆಯ ಎಡಮೂಲೆಗೆ ಹೆಬ್ಬೆರಳಗಲ ಬಣ್ಣ ಬಳಿಯತಕ್ಕದ್ದು.' ಬಳಿಯತಕ್ಕದ್ದು ಎಂಬ ಪದವನ್ನು ಬರೆದಾಗ ನನಗೆ ಸ್ವಲ್ಪ ರೋಮಾಂಚನವೂ ಆಗಿತ್ತು. ಯಾವ ಬಣ್ಣ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಲಕ್ಷ್ಮೇಶ್ವರದ ಏಜೆಂಟರು, 'ನಿಮ್ಮ ಸುತ್ತೋಲೆ ಮುಟ್ಟಿ ಸಂತೋಷವಾಯಿತು. ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇವೆ,' ಎಂದು ಉತ್ತರಿಸಿದರು. ಹಾಗೆ ತೂಗುಹಾಕಿದ ಮೇಲೆ ಅದನ್ನು ಓದಿದಂತೆ ಕಾಣಲಿಲ್ಲ. ಶಿರಹಟ್ಟಿಯವರು ನೀಲಿ ಶಾಯಿ ಬಳಿದು ಕಳಿಸತೊಡಗಿದರು. ಮುಂಡರಗಿಯ ಹಾಲಪ್ಪನವರಿಂದ ಮಾತ್ರ ಪತ್ರವೇ ಬರಲಿಲ್ಲ.

ಆಗ ಬೇಸಿಗೆಯ ಕೊನೆ. ಹೆಸರುಕಾಳು ಬಿತ್ತುವ ಹಂಗಾಮು ಎದುರಿಗಿತ್ತು. ಮುಂಡರಗಿಗೆಂದೇ ತಯಾರಾದ ನಲವತ್ತು ಕೂರಿಗೆಗಳು ಕಾರ್ಖಾನೆಯ ಅಂಗಳದಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು. ಅದೇ ಸಮಯಕ್ಕೆ ಖಾದರಸಾಬರ ಮಗಳ ನಿಕಾ ಕೂಡ ನಿಶ್ಚಯವಾಗಿತ್ತು. ಅವರ ಅಕ್ಕ ಫಾತಿಮಾಬಿ ಇದ್ದದ್ದೂ ಮುಂಡರಗಿಯಲ್ಲಿಯೇ. ಅವರಿಗೆ ಎದೆಯ ಬೇನೆ, ಹಾಸಿಗೆ ಹಿಡಿದಿದ್ದರು. "ಆಪಾ ಹುಷಾರಾಗಿ ಬಂದು ಕೂಸಿನ ಕೈಗೆ ಮದರಂಗಿ ಹಚ್ಚಿದರ ನನಗ ಎಲ್ಲಾ ಮುಟ್ಟಿದಂಗ," ಎಂದು ಖಾದರಸಾಬರು ದಿನಕ್ಕೊಮ್ಮೆ ಎಲ್ಲರೆದುರು ಹೇಳುತ್ತಿದ್ದರು. ನಾನು ಈ ಮಾತನ್ನು ಕೇಳಿಯೂ ಕೇಳದಂತಿದ್ದೆ, ಏಕೆಂದರೆ ಅದು ಯಾವ ರಜಿಸ್ಟರಿನಲ್ಲಿಯೂ ಬರುವಂಥದ್ದಲ್ಲ.

ಒಂದು ದಿನ ಹಾಲಪ್ಪನವರ ಕಾರ್ಡು ಬಂತು. ಅದಕ್ಕೆ ಬಣ್ಣವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. 'ನಾಲ್ಕು ಲಕೋಟೆ ಕಳಿಸಿದೆ. ನಾಲ್ಕೂ ಒಲ್ಲೆನೆಂದರು ಎಂದು ಬರೆಸಿಕೊಂಡು ತಿರುಗಿ ಬಂದವು. ನಿಮ್ಮ ತಂದೆಯವರ ಕಾಲದಿಂದ ವ್ಯವಹಾರ ಮಾಡಿದ ನನ್ನನ್ನು ಬಾಗಿಲಿನಿಂದ ಹೊರಗೆ ಹಾಕಿದಿರಿ. ಹುಬ್ಬಳ್ಳಿಯವರ ಕೂರಿಗೆ ಬಂದು ನಿಂತಿವೆ.' ಇಷ್ಟೇ. ಖಾದರಸಾಬರು ಕಾರ್ಡನ್ನು ಎರಡು ಸಲ ಓದಿಸಿದರು. ನನ್ನ ನೆತ್ತರು ಕುದಿಯಿತು. ನನ್ನ ಪದ್ಧತಿಯಲ್ಲಿ ಯಾರೋ ಕೈಯಾಡಿಸಿದ್ದಾರೆ! "ಇದರ ಹಿಂದೆ ಯಾರಿದ್ದಾರೋ ಅವರನ್ನು ಕೆಲಸದಿಂದ ತೆಗೆಯುತ್ತೇವೆಂದು ನೀವು ಮಾತು ಕೊಡಬೇಕು," ಎಂದು ಮೇಜು ಗುದ್ದಿದೆ.

"ನಮ್ಮವರ ಇದ್ದರ?"

"ಯಾರೇ ಇರಲಿ."

"ಆತು. ಯಾರ ತಪ್ಪೈತಿ ಅವ್ರು ಮನಿಗೆ," ಎಂದರು ಖಾದರಸಾಬರು. ಬಾಗಿಲ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಕಾವಲುಗಾರ ಗುರಪ್ಪಜ್ಜನೂ ಈ ಮಾತನ್ನು ಕೇಳಿ ತಲೆಯಾಡಿಸಿದ. ಮಲ್ಲಸಮುದ್ರದಿಂದ ದಿನವೂ ನಡೆದು ಬರುತ್ತಿದ್ದ ಈ ಅಜ್ಜನಿಗೆ ಅಕ್ಷರ ಬಾರದು. ಅಂಚೆಯವನ ಕೈಯಿಂದ ಟಪಾಲು ಇಸಿದುಕೊಂಡು ನನ್ನ ಮೇಜಿಗೆ ಮುಟ್ಟಿಸುವುದು ಅವನ ಕೆಲಸಗಳಲ್ಲೊಂದು.

ತನಿಖೆಯನ್ನು ನಾನು ವಿಶ್ವವಿದ್ಯಾಲಯದ ರೀತಿಯಲ್ಲಿಯೇ ಕೈಕೊಂಡೆ. ಲಕೋಟೆ ಮುಂಡರಗಿಯಲ್ಲಿ ಪೆಟ್ಟಿಗೆಗೆ ಬೀಳುವುದರಿಂದ ಹಿಡಿದು ಬೆಟಗೇರಿಗೆ ಬರುವವರೆಗಿನ ದಾರಿಯ ನಕ್ಷೆ ಬರೆದು, ಪ್ರತಿಯೊಂದು ಹಂತಕ್ಕೂ ಪ್ರಶ್ನೆಗಳನ್ನು ತಯಾರಿಸಿದೆ. ಒಟ್ಟು ಅರವತ್ತಾದವು. ಅಂಚೆ ಕಚೇರಿಯಲ್ಲಿ ವಿಂಗಡಣೆಯ ಮೇಜಿನ ಹಿಂದೆ ಕೂತಿದ್ದ ಹಿರಿಯರು ಹನ್ನೊಂದನೆಯ ಪ್ರಶ್ನೆಯವರೆಗೆ ತಾಳಿಕೊಂಡರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಮ್ಮಾ, ನಾವೇನು ಕಾಗದಾ ತಿನ್ನೂದಿಲ್ಲ. ನಿಮ್ಮ ಬಾಗಲತನಕ ಮುಟ್ಟಸ್ತೀವಿ. ನಿಮ್ಮವರ ಒಲ್ಲೆ ಅಂದ್ರ ಬರದು ವಾಪಸ್ ಒಯ್ತೀವಿ. ಬಾಗಲದಿಂದ ಒಳಗಿಂದು ನಿಮ್ಮ ಮನಿ ಹಕೀಕತ್." ಎಷ್ಟು ನೇರವಾದ ಉತ್ತರ! ಆದರೆ ಅಧಿಕಾರಿವರ್ಗದ ನುಣುಚಿಕೆ ಎಂಬ ವಿಷಯದ ಮೇಲೆ ನಾನಾಗಲೇ ಒಂದು ಲೇಖನವನ್ನು ಬರೆದಿದ್ದೆನಾದ್ದರಿಂದ, ಇದನ್ನು ಅದಕ್ಕೊಂದು ಉದಾಹರಣೆಯೆಂದು ಗುರುತು ಹಾಕಿಕೊಂಡು ಹೊರಬಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ಮುಂಡರಗಿ. ಹಾಲಪ್ಪನವರ ಅಂಗಡಿಯಲ್ಲಿ ಬೀಜದ ಚೀಲ, ಹಗ್ಗ, ಮಿಣಿಗಳ ನಡುವೆ ಹುಬ್ಬಳ್ಳಿಯ ಮೂರು ಕೂರಿಗೆಗಳು ಹೊಸ ಅಳಿಯಂದಿರಂತೆ ನಿಂತಿದ್ದವು. ಹಾಲಪ್ಪನವರು ನನ್ನನ್ನು ಕೂಡ್ರಿಸಿದರು, ಚಹಾ ತರಿಸಿದರು, ಆದರೆ ಮುಖದ ಗಂಟು ಬಿಚ್ಚಲಿಲ್ಲ. ನಾಲ್ಕು ಲಕೋಟೆಗಳನ್ನು ನನ್ನ ಎದುರಿಗೆ ಇಸ್ಪೀಟಿನ ಎಲೆಗಳಂತೆ ಹರಡಿದರು. ನಾಲ್ಕರ ಎಡಮೂಲೆಯಲ್ಲಿಯೂ ಹೆಬ್ಬೆರಳಗಲ ಕಪ್ಪು ಬಣ್ಣ, ಅಳೆದು ಬಳಿದಂತೆ.

"ನೀವು ಬರದಂಗ ಹಚ್ಚೀನ್ರಿ. ಚೀಲಕ್ಕ ಗುರುತು ಹಾಕೂ ಡಬ್ಬಿ ಇತ್ತು, ಅದರಾಗಿಂದ. ನಮ್ಮ ಮನಿಯಾಕಿ ಕರೇದು ಬ್ಯಾಡ ಅಂದ್ಲು. ನಾನ ಬೈದೆ. ಯೂನಿವರ್ಸಿಟಿ ಕಲ್ತವ್ರು ಬರದಾರ, ಅವರಿಗೆ ತಿಳೀದೇನಲೇ ಅಂದೆ."

ನನಗೆ ಕಣ್ತುಂಬಿ ಬಂತು. ನಾಡಿನಲ್ಲಿ ಒಬ್ಬನಾದರೂ ನನ್ನ ಏಳನೆಯ ಕಲಮನ್ನು ಅಕ್ಷರಶಃ ಪಾಲಿಸಿದ್ದಾನೆ! ಅವರ ಹೆಂಡತಿ ಕರಿಯದು ಯಾಕೆ ಬೇಡವೆಂದರು ಎಂದು ಕೇಳುವುದು ನನ್ನ ಅರವತ್ತು ಪ್ರಶ್ನೆಗಳಲ್ಲಿ ಇರಲಿಲ್ಲ. ಕೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

"ಈಗ ನನ್ನ ಕೈಯಲ್ಲಿಯೇ ಬೇಡಿಕೆ ಬರೆದುಕೊಡಿ, ನಾಳೆಯೇ ಮಾಲು ಕಳಿಸುತ್ತೇನೆ," ಎಂದೆ.

"ಬರಕೊಡೂದಿಲ್ರಿ. ನನ್ನ ಕಾಗದಾ ಒಲ್ಲೆ ಅಂದವ್ರ ಹೆಸರು ಬೇಕು ನನಗ. ಹೆಸರು ತಗೊಂಬರ್ರಿ, ಆರ್ಡರ್ ತಗೊಂಡು ಹೋಗ್ರಿ. ಇಲ್ಲಂದ್ರ ಈ ಮೂರು ಅದಾವಲ್ಲ, ಇವು ಮೂವತ್ತಾಗತಾವ."

"ಬರೀ ಹೆಸರಲ್ಲ, ಅವರನ್ನು ವಜಾ ಮಾಡಿದ ಕಾಗದವನ್ನೇ ತಂದು ತೋರಿಸುತ್ತೇನೆ," ಎಂದು ಎದ್ದೆ. ಹೊರಡುವ ಮುನ್ನ ಪ್ರಯೋಗಕ್ಕೆಂದು ಎರಡು ಲಕೋಟೆಗಳನ್ನು ಖಾದರಸಾಬರ ವಿಳಾಸಕ್ಕೆ ಬರೆದೆ. ಒಂದು ಸಾದಾ, ಇನ್ನೊಂದಕ್ಕೆ ಹಾಲಪ್ಪನವರ ಡಬ್ಬಿಯಿಂದಲೇ ನಿಯಮದಂತೆ ಬಣ್ಣ ಬಳಿದೆ. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಬಸ್ಸು ಹತ್ತಿದೆ.

ಮೂರನೆಯ ದಿನ ಅಂಚೆಯವನು ಬರುವ ಹೊತ್ತಿಗೆ, ಅಂಗಳದ ಕೂರಿಗೆಗಳ ಹಿಂದೆ ಕುಕ್ಕರಗಾಲಿನಲ್ಲಿ ಅಡಗಿ ಕೂತೆ. ಎಂ.ಎ. ಆದವನೊಬ್ಬ ಕೂರಿಗೆಯ ತಾಳುಗಳ ನಡುವಿನಿಂದ ಇಣುಕುವ ದೃಶ್ಯವನ್ನು ಕಂಡು ಕುಲುಮೆಯವರು ಸುತ್ತಿಗೆ ನಿಲ್ಲಿಸಿದರು. ಅಂಚೆಯವನು ಬಂದ. ಗುರಪ್ಪಜ್ಜ ಟಪಾಲಿನ ಕಟ್ಟನ್ನು ಇಸಿದುಕೊಂಡು, ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಒಂದೊಂದಾಗಿ ನೋಡಿದ. ನನ್ನ ಸಾದಾ ಲಕೋಟೆ ಮಡಿಲಿಗೆ ಬಿತ್ತು. ಕಪ್ಪು ಮೂಲೆಯದು ಕೈಗೆ ಬಂದದ್ದೇ ತಡ, ಅಜ್ಜ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟ.

"ಇದೂ ಮುಂಡರಗಿದನ?"

"ಹೌದಜ್ಜಾ."

"ಒಯ್ಯೋ ಯಪ್ಪಾ. ಸಾವಕಾರ್ರು ಒಲ್ಲೆ ಅಂದ್ರು ಅಂತ ಬರಕೋ," ಎಂದು, ಲಕೋಟೆಯನ್ನು ಕಣ್ಣಿಗೊತ್ತಿ ತಿರುಗಿ ಕೊಟ್ಟ.

ನಾನು ಹೌಹಾರಿ ಎದ್ದೆ. ಅಂಗಿ ಕೂರಿಗೆಗೆ ಸಿಕ್ಕು ಹರಿಯಿತು. "ಅಜ್ಜಾ! ನೀನಾ?"

ಅಜ್ಜ ಗಾಬರಿಯಾಗಲಿಲ್ಲ. ಬಾಯಿಗೆ ಬೆರಳಿಟ್ಟು ನನ್ನನ್ನೇ ಸುಮ್ಮನಿರಿಸಿದ. "ಸಣ್ಣ ದನಿ ತಗೀರಿ. ಸಾವಕಾರ್ರು ಕೇಳಸ್ಕೊಂಡಾರು. ಮಗಳ ನಿಕಾ ಮುಗೀಲಿ, ನಾನ ಕಾಲು ಹಿಡದು ಹೇಳ್ತೀನಿ."

"ಏನು ಹೇಳ್ತೀ?"

"ಅಕ್ಕಾರು ಹೋಗಿಬಿಟ್ಟಾರಂತ. ಮೂಲಿಗೆ ಮಸಿ ಹಚ್ಚಿದ ಕಾಗದಾ ಮುಂಡರಗಿಂದ ಬಂದೈತಿ ಅಂದ್ರ ಮತ್ತೇನ್ರಿ ಅರ್ಥ? ಮೊದಲನೇದು ಬಂದಾಗನ ತಿಳೀತು. ಒಳಗ ಕೊಟ್ರ ಮದುವಿ ನಿಲ್ತೈತಿ. ಅದಕ್ಕ ತಿರುಗಿ ಕಳಿಸಿದೆ."

ಆಗ ನನ್ನ ತಲೆಗೆ ಬೆಳಕು ಬಿತ್ತು. ಬಿದ್ದ ಸಪ್ಪಳ ನನಗೇ ಕೇಳಿಸಿತು. ನಮ್ಮ ಊರಲ್ಲಿ, ನಮ್ಮ ಮನೆಯಲ್ಲಿಯೇ, ಸಾವಿನ ಸುದ್ದಿಯ ಕಾಗದದ ಮೂಲೆಗೆ ಕರಿಮಸಿ ಬಳಿಯುತ್ತಾರೆ. ಶುಭದ ಕಾಗದಕ್ಕೆ ಅರಿಷಿಣ. ಕರಿಮಸಿಯ ಕಾಗದವನ್ನು ಹೊಸ್ತಿಲ ಒಳಗೆ ತರುವುದಿಲ್ಲ. ಹೊರಗೆ ನಿಂತೇ ಓದಿ ಹರಿದು ಹಾಕುತ್ತಾರೆ. ಇದನ್ನು ನಾನು ಅಂಬೆಗಾಲಿಡುವ ವಯಸ್ಸಿನಿಂದ ನೋಡಿದ್ದೆ. ಎರಡು ವರ್ಷ ಧಾರವಾಡದಲ್ಲಿ ಕಳೆದದ್ದಕ್ಕೆ ನನಗೆ ಸಿಕ್ಕ ಪದವಿ ಇದೊಂದನ್ನು ಮರೆಯಿಸುವಷ್ಟು ದೊಡ್ಡದಾಗಿತ್ತು.

"ಒಂದಲ್ಲ, ಐದು ಕಾಗದ ಬಂದಾವಲ್ಲೋ ಅಜ್ಜಾ! ಒಬ್ಬಾಕಿ ಐದು ಸಲ ಸಾಯ್ತಾಳೇನು?"

"ಅದನ್ನೂ ವಿಚಾರ ಮಾಡೀನ್ರಿ. ಮೊದಲನೇದು ಸುದ್ದಿದು. ಎರಡನೇದು ಮೂರನೇ ದಿನದ ಜಿಯಾರತಿಂದು. ಮೂರನೇದು ಹತ್ತನೇ ದಿನದ್ದು. ನಾಕನೇದಕ್ಕ ಲೆಕ್ಕ ಹತ್ತಲಿಲ್ಲ. ನಲವತ್ತಕ್ಕ ಇನ್ನೂ ಟೈಮ್ ಇತ್ತು. ಆಕಿ ಹಿಂದ ಗಂಡನೂ ಹೋಗಿರಬೇಕು ಅಂದ್ಕೊಂಡೆ. ಇಬ್ಬರದೂ ಭಾಳ ಜೀವ ಇತ್ತು."

"ಇವತ್ತಿನದು?"

ಅಜ್ಜ ತೊಡೆಯ ಮೇಲಿನ ರುಮಾಲನ್ನು ಎತ್ತಿಕೊಂಡ. "ಇವತ್ತಿಂದ ನೋಡಿ ಎದಿ ಒಡೀತ್ರಿ. ಆ ಮನ್ಯಾಗ ಇನ್ನ ಇದ್ದಾಂವ ಮಗಾ ಒಬ್ಬನ."

ಇವತ್ತಿನದನ್ನು ಬರೆದವನು ನಾನು. ಅವು ಸಾವಿನ ಕಾಗದಗಳಲ್ಲ, ಕೂರಿಗೆಯ ಬೇಡಿಕೆ ಎಂದು ಅಜ್ಜನಿಗೆ ತಿಳಿಹೇಳಲು ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ರುಮಾಲಿನಿಂದ ಮುಖ ಮುಚ್ಚಿಕೊಂಡು ಕೂತ. "ಮತ್ತ ಆವತ್ತ ಯಾರನ್ನಾದರೂ ಕೇಳಬಾರದಿತ್ತೇ?" ಎಂದು ಗದರಿದೆ.

"ಯಾರನ್ನ ಕೇಳ್ಲಿ? ನಿಮ್ಮನ್ನ ಕೇಳಿದ್ರ ರಜಿಸ್ಟರದಾಗ ಬರೀತಿದ್ರಿ." ಅಜ್ಜ ರುಮಾಲು ಸರಿಸಿದ. "ತಪ್ಪು ನಂದ ಆತ್ರಿ. ಸಾವಕಾರ್ರು ಮಾತು ಕೊಟ್ಟಾರ, ನಾ ಮನಿಗೆ ಹೋಗ್ತೀನಿ. ಆಕಿ ಬದುಕ್ಯಾಳ ಅಂದ್ರಲ್ಲ, ಆತು ಬಿಡ್ರಿ."

ನಾನು ಮೇಜಿಗೆ ಮರಳಿ ತನಿಖಾ ವರದಿ ಬರೆಯಲು ಕೂತೆ. 'ಹೊಣೆಗಾರರು' ಎಂದು ಬರೆದು ಎರಡು ಚುಕ್ಕೆ ಇಟ್ಟೆ. ನ್ಯಾಯವಾಗಿ ನೋಡಿದರೆ ಲಕೋಟೆಯನ್ನು ಒಲ್ಲೆನೆಂದವನು ಗುರಪ್ಪಜ್ಜ. ಯಜಮಾನರ ಹೆಸರಿನಲ್ಲಿ ಅವರಿಗೆ ತಿಳಿಯದಂತೆ ಸುಳ್ಳು ಹೇಳಿದವನೂ ಅವನೇ. ಅವನ ಹೆಸರನ್ನು ಬರೆದರೆ ವರದಿಗೆ ಯಾವ ದೋಷವೂ ಬರುತ್ತಿರಲಿಲ್ಲ. ನಲವತ್ತು ಕೂರಿಗೆಗಳು ಮುಂಡರಗಿಗೆ ಹೋಗುತ್ತಿದ್ದವು, ಅವನು ಮಲ್ಲಸಮುದ್ರಕ್ಕೆ. ಆದರೆ ಕಣ್ಣೆದುರಿಗೆ ಆ ಸುತ್ತೋಲೆಯ ಪ್ರತಿ ಇತ್ತು. 'ಬಣ್ಣ ಬಳಿಯತಕ್ಕದ್ದು.' ಯಾವ ಬಣ್ಣ? ಹತ್ತು ಕಲಮು, ನಾಲ್ಕು ಪುಟ, ಅಲ್ಪವಿರಾಮ ಕೂಡ ತಪ್ಪಿಲ್ಲ. ಕೆಂಪು ಎಂಬ ಎರಡಕ್ಷರಕ್ಕೆ ಜಾಗವಿರಲಿಲ್ಲ. ಎರಡು ಚುಕ್ಕೆಗಳ ಮುಂದೆ ನನ್ನ ಹೆಸರನ್ನು ಬರೆದೆ. ಅಕ್ಷರ ಅಷ್ಟೇನೂ ದುಂಡಗೆ ಬರಲಿಲ್ಲ. ಬೆನ್ನಿಗೇ ನನ್ನನ್ನು ವಜಾ ಮಾಡುವ ಪತ್ರವನ್ನೂ ಸಿದ್ಧಪಡಿಸಿ, ಎರಡನ್ನೂ ಖಾದರಸಾಬರ ಮುಂದಿಟ್ಟು, ನಡೆದದ್ದನ್ನೆಲ್ಲ ಬಾಯಿಂದ ಹೇಳಿದೆ.

ಅವರು ಕಾಗದಗಳನ್ನು ಮುಟ್ಟಲೇ ಇಲ್ಲ. "ಆಪಾ ಆರಾಮ ಅದಾಳೋ ಇಲ್ಲೋ?"

"ಆರಾಮ ಇರಬೇಕು."

"ಇರಬೇಕು ಅಂದ್ರ? ಮೊನ್ನೆ ಮುಂಡರಗಿಗೆ ಹೋಗಿದ್ಯಲ್ಲ, ಮನಿಗೆ ಹೋಗಿ ಮಾತಾಡಿಸಲಿಲ್ಲೇನು?"

"ಇಲ್ಲ."

"ಎಷ್ಟು ಪ್ರಶ್ನಿ ಬರಕೊಂಡು ಹೋಗಿದ್ಯೋ?"

"ಅರವತ್ತು."

ಖಾದರಸಾಬರು ನನ್ನ ಮುಖವನ್ನೇ ನೋಡಿದರು. ಅರವತ್ತೊಂದನೆಯದು ಎಲ್ಲಿ ಹೋಯಿತೆಂದು ಅವರು ಕೇಳಲಿಲ್ಲ. ಅದು ಅವರ ದೊಡ್ಡತನ. "ಟ್ರಕ್ಕಿಗೆ ಕೂರಿಗಿ ಹೇರಸು. ಗುರಪ್ಪನ್ನೂ ಹತ್ತಸು. ಆ ನಿನ್ನ ಕಾಗದಾ ಕಿಸೆದಾಗ ಇಟ್ಕೋ," ಎಂದು ಚಪ್ಪಲಿ ಮೆಟ್ಟಿದರು.

ಮುಂಡರಗಿ ಮುಟ್ಟಿದಾಗ ಇನ್ನೂ ಇಳಿಹೊತ್ತು. ಟ್ರಕ್ಕು ಮೊದಲು ನಿಂತದ್ದು ಫಾತಿಮಾಬಿಯವರ ಮನೆಯೆದುರು. ಅವರು ಹಾಸಿಗೆಯಿಂದೆದ್ದು ವಾರವಾಗಿತ್ತಂತೆ. ಪಡಸಾಲೆಯಲ್ಲಿ ಕೂತು ಹುಣಸೆಯ ಬೀಜ ಬಿಡಿಸುತ್ತ ಯಾರನ್ನೋ ಬೈಯುತ್ತಿದ್ದರು. ಆ ಬೈಗುಳದ ಗಟ್ಟಿತನವನ್ನು ಕೇಳಿಯೇ ಖಾದರಸಾಬರ ಮುಖ ಅರಳಿತು. ಗುರಪ್ಪಜ್ಜ ಹೊಸ್ತಿಲಲ್ಲಿ ನಿಂತು ಅವರನ್ನು ನೋಡಿದ, ಆಮೇಲೆ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅವರ ಗಂಡನನ್ನು ನೋಡಿದ. "ನೀವೂ ಅದೀರೇನ್ರಿ!" ಎಂದು ಅಲ್ಲಿಯೇ ಕುಸಿದು ಕೂತ. ಅಜ್ಜನ ಲೆಕ್ಕದಲ್ಲಿ ಹೋಗಿರಬೇಕಾಗಿದ್ದವರು ತಟ್ಟೆಯಲ್ಲಿದ್ದ ಚಹಾ ಚೆಲ್ಲಿಕೊಂಡರು.

ಕಥೆಯನ್ನೆಲ್ಲ ಕೇಳಿ ಫಾತಿಮಾಬಿ, "ಎಲಾ ಗುರಪ್ಪಾ, ಐದು ಕಾಗದದಾಗ ನನ್ನ ಮನಿ ಮಂದಿನ್ನೆಲ್ಲಾ ಮಣ್ಣಿಗೆ ಇಟ್ಟಿದ್ಯಾ?" ಎಂದರು.

"ನಾ ಅಲ್ರಿ ಅಕ್ಕಾರ, ಬಣ್ಣಾ ಹಚ್ಚಿಸಿದವ್ರು ಇವ್ರು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹರಿದ ಅಂಗಿಯ ಹತ್ತಿರ ಕಣ್ಣು ನಿಂತಿತು. "ಇಷ್ಟ ಸಣ್ಣಾಂವಾ? ಕುಂಡ್ರೋ ಯಪ್ಪಾ, ಊಟಾ ಮಾಡು. ಮದುವ್ಯಾಗ ಚೀಟಿಗೀಟಿ ಬರಿಯಾಕ ಹೋಗಬ್ಯಾಡ ಮತ್ತ."

ಅಷ್ಟರಲ್ಲಿ ಟ್ರಕ್ಕಿನ ಸುದ್ದಿ ಕೇಳಿ ಹಾಲಪ್ಪನವರೂ ಬಂದರು. ಬಂದವರೇ, "ಹೆಸರು?" ಎಂದರು. ಗುರಪ್ಪಜ್ಜ ಬಾಯಿ ತೆರೆಯುವ ಮೊದಲೇ ನಾನು, "ನಾನು," ಎಂದೆ. ಬದುಕಿನಲ್ಲಿ ನಾನು ಬರೆದ, ಆಡಿದ ವಾಕ್ಯಗಳಲ್ಲಿ ಇದಕ್ಕಿಂತ ಚಿಕ್ಕದು ಇನ್ನೊಂದಿಲ್ಲ. ಕಾರಣ ಕೇಳಿ ಹಾಲಪ್ಪನವರು ಹಣೆ ಬಡಿದುಕೊಂಡರು. "ಅಯ್ಯ, ನಮ್ಮ ಮನಿಯಾಕಿ ಆವತ್ತ ಹೇಳಿದ್ಲು! ಇನ್ನ ಮನ್ಯಾಗ ನನಗ ಉಳಿಗಾಲಿಲ್ಲ." ನಗು ತಡೆದುಕೊಂಡು ಕೇಳಿದರು: "ವಜಾ ಮಾಡಿದ ಕಾಗದಾ ತೋರಸ್ತೀನಿ ಅಂದಿದ್ರಿ?"

ನಾನು ಕಿಸೆಯಿಂದ ತೆಗೆದುಕೊಟ್ಟೆ. ಖಾದರಸಾಬರು ನಡುವೆಯೇ ಅದನ್ನು ಇಸಿದುಕೊಂಡು ಗುರಪ್ಪಜ್ಜನ ಕೈಗಿಟ್ಟರು. "ಗುರಪ್ಪಾ, ಈ ಕಾಗದಾ ತಗೋಬೇಕೋ ವಾಪಸ್ ಕಳಸಬೇಕೋ, ನೀನ ಹೇಳಲೇ."

ಅಜ್ಜ ಕಾಗದವನ್ನು ತಿರುವಿ ಮುರುವಿ ನೋಡಿದ. ನಾಲ್ಕು ಮೂಲೆಗಳನ್ನೂ ಸವರಿದ. "ಒಲ್ಲೆ ಅಂದ್ರು ಅಂತ ಬರಕೋರಿ," ಎಂದು ನನಗೇ ತಿರುಗಿ ಕೊಟ್ಟ. ಹಾಲಪ್ಪನವರು ನಲವತ್ತು ಕೂರಿಗೆಗಳನ್ನೂ ಇಳಿಸಿಕೊಂಡರು.

ಆದರೆ ತಪ್ಪಿಗೆ ದಂಡ ಬೇಡವೆಂದಲ್ಲ. ಅಂದಿನಿಂದ ಖಾದರಸಾಬರು ಒಂದು ಕಟ್ಟಳೆ ಮಾಡಿದ್ದಾರೆ: ನಾನು ಬರೆದ ಯಾವ ಪತ್ರವೂ ಗುರಪ್ಪಜ್ಜನಿಗೆ ಓದಿ ಹೇಳದೆ ಕಾರ್ಖಾನೆಯ ಹೊರಗೆ ಹೋಗಕೂಡದು. ಮೊದಮೊದಲು ಇದು ನನಗೆ ಅಪಮಾನವೆನಿಸಿತು. ಈಗ, ನಿಜ ಹೇಳುತ್ತೇನೆ, ಅಭ್ಯಾಸವಾಗಿದೆ. 'ತಕ್ಕದ್ದು' ಬಂದಲ್ಲೆಲ್ಲ ಅಜ್ಜ ಕೆಮ್ಮುತ್ತಾನೆ. ನಾನು ಅದನ್ನು ತೆಗೆದು 'ದಯವಿಟ್ಟು' ಹಾಕುತ್ತೇನೆ. ಪತ್ರಗಳು ಅರ್ಧಕ್ಕಿಳಿದಿವೆ, ಬೇಡಿಕೆಗಳು ಕಡಿಮೆಯಾಗಿಲ್ಲ.

ಈ ಪ್ರಬಂಧವನ್ನೂ ನಿನ್ನೆ ಕಟ್ಟೆಯ ಮೇಲೆ ಕೂತು ಅವನಿಗೆ ಓದಿ ಹೇಳಿದೆ. ತನ್ನ ಮಾತು ಬಂದಲ್ಲಿ ತಲೆಯಾಡಿಸಿದ, ಫಾತಿಮಾಬಿಯವರ ಮಾತು ಬಂದಲ್ಲಿ ನಕ್ಕ, ನನ್ನ ವಿಚಾರಗಳು ಬಂದಲ್ಲಿ ಎಲೆಗೆ ಸುಣ್ಣ ಹಚ್ಚಿಕೊಂಡ. ಮುಗಿದ ಮೇಲೆ, "ಇದನ್ನ ಯಾರಿಗೆ ಕಳಸ್ತೀರಿ?" ಎಂದು ಕೇಳಿದ.

"ಪತ್ರಿಕೆಯ ಸಂಪಾದಕರಿಗೆ. ಇದಕ್ಕೂ ಮೊದಲು ಒಂಬತ್ತು ಕಳಿಸಿದ್ದೆ, ಎಲ್ಲ ತಿರುಗಿ ಬಂದವು," ಎಂದೆ. ಆ ಒಂಬತ್ತಕ್ಕೂ ಹೊಣೆ ಯಾರೆಂದು ಕೇಳಿ ನಾನು ಸಂಪಾದಕರಿಗೆ ಬರೆದಿದ್ದ ಪತ್ರಗಳ ವಿಷಯವನ್ನು ಮಾತ್ರ ಎತ್ತಲಿಲ್ಲ.

ಗುರಪ್ಪಜ್ಜ ಎಲೆಯನ್ನು ಬಾಯಿಗೆ ಹಾಕಿಕೊಂಡು, ನನ್ನ ಮೇಲೆ ಬಹಳ ಕನಿಕರದಿಂದ ಕೇಳಿದ: "ಅಲ್ಲಿ ಬಾಗಲದಾಗ ಯಾರು ಕುಂತಿರ್ತಾರ್ರಿ?"